ದೂರಕ್ಕೆ ಸಾಗುವ ಎದೆಬಡಿತ

ಇಳಕಲ್ಲಿನ ಸೀರೆಯ ಮೇಲಿನ ಕಸೂತಿಯನ್ನು ವಾಚಕರು ನೋಡಿಯೇ ಇರುತ್ತಾರೆ. ಅದರಲ್ಲಿನ ಗೋಪುರ, ತೇರುಗಳು ಬಟ್ಟೆಯ ಎಳೆಗಳನ್ನು ಎಣಿಸಿ ಹಾಕಿದ ಹೊಲಿಗೆಗಳಿಂದ ಮೂಡುತ್ತವೆ. ಆದ್ದರಿಂದ ಆ ಎಣಿಕೆಯನ್ನಷ್ಟೇ ಹೇಳಿ ಕಳುಹಿಸಿದರೂ ಬಾದಾಮಿಯಲ್ಲಿ ಕುಳಿತ ಮತ್ತೊಬ್ಬ ಹೆಣ್ಣುಮಗಳು ಅದೇ ತೇರನ್ನು ತನ್ನ ಬಟ್ಟೆಯ ಮೇಲೆ ಮೂಡಿಸಬಲ್ಲಳು. ರೋಗಿಯ ಎದೆಬಡಿತವನ್ನು ದೂರದ ವೈದ್ಯರಿಗೆ ತಲುಪಿಸುವ ವಿದ್ಯೆಯ ಮರ್ಮವೂ ಇದೇ.

ಹೃದಯ ಬಡಿದಾಗಲೆಲ್ಲ ಮೈಮೇಲೆ ಸುಮಾರು ಒಂದು ಮಿಲಿವೋಲ್ಟಿನಷ್ಟು, ಎಂದರೆ ವೋಲ್ಟಿನ ಸಾವಿರದಲ್ಲೊಂದು ಪಾಲಿನಷ್ಟು, ವಿದ್ಯುತ್ತಿನ ಏರಿಳಿತ ಕಾಣುತ್ತದೆ. ಇ.ಸಿ.ಜಿ. ಯಂತ್ರವು ಇದನ್ನು ಅಳೆದು 12 ರೇಖೆಗಳಾಗಿ ತೋರಿಸುತ್ತದೆ. ಇವುಗಳಲ್ಲಿ 4ನ್ನು ಉಳಿದವುಗಳಿಂದ ಲೆಕ್ಕ ಹಾಕಬಹುದಾದ್ದರಿಂದ 8 ರೇಖೆಗಳನ್ನು ಕಳುಹಿಸಿದರೆ ಸಾಕು. ಸೆಕೆಂಡಿಗೆ 500 ಸಲದಂತೆ 10 ಸೆಕೆಂಡು ಅಳೆದರೆ 40,000 ಅಂಕಿಗಳಾಗುತ್ತವೆ. ಒಂದೊಂದಕ್ಕೆ 2 ಬೈಟಿನಂತೆ ಒಟ್ಟು 80,000 ಬೈಟು. ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕೆ ಸಾಮಾನ್ಯವಾಗಿ ಇದರ ಹತ್ತಾರು ಪಟ್ಟು ಬೇಕಾಗುತ್ತದೆ. ಇಷ್ಟು ಹಗುರವಾದ ಸಂದೇಶವು ಸಾಧಾರಣ ಸಂಪರ್ಕದಲ್ಲಿಯೂ ಕ್ಷಣಮಾತ್ರದಲ್ಲಿ ಮುಟ್ಟುವುದರಲ್ಲಿ ಆಶ್ಚರ್ಯವಿಲ್ಲ.

ಈ ವೇಗದಿಂದ ಪ್ರಯೋಜನವೇನು? ಹೃದಯದ ರಕ್ತನಾಳವು ಹೆಪ್ಪಿನಿಂದ ಮುಚ್ಚಿದೊಡನೆ ಅಲ್ಲಿನ ಸ್ನಾಯು ಸಾಯತೊಡಗುತ್ತದೆ. ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ. ಹುನಗುಂದದ ರೋಗಿಯು ತಜ್ಞರನ್ನು ಹುಡುಕಿಕೊಂಡು ಬಾಗಲಕೋಟೆಗೋ ಹುಬ್ಬಳ್ಳಿಗೋ ಹೊರಟರೆ ಅಮೂಲ್ಯವಾದ ವೇಳೆ ದಾರಿಯಲ್ಲೇ ಕಳೆಯುತ್ತದೆ. ಇದನ್ನು ತಪ್ಪಿಸಲೆಂದೇ ಕರ್ನಾಟಕ ಸರ್ಕಾರವು 2023ರಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ಇದರನ್ವಯ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಗಳ ತಜ್ಞರು ಪರಿಶೀಲಿಸುತ್ತಾರೆ. ಅಗತ್ಯವೆನಿಸಿದರೆ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಟ್ಟು, ಅನಂತರ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಲಾಗುತ್ತದೆ.

ಆದರೆ ಎಳೆಯೆಣಿಕೆ ತಪ್ಪಿದರೆ ತೇರು ಸೊಟ್ಟಗಾಗುವಂತೆ, ಎದೆಗೆ ಅಂಟಿಸುವ ಬಿಲ್ಲೆಗಳು ಸ್ಥಾನ ತಪ್ಪಿದರೆ ರೇಖೆಯೂ ತಪ್ಪುತ್ತದೆ. ಯಂತ್ರವು ಆ ತಪ್ಪನ್ನೇ ನಿಷ್ಠೆಯಿಂದ ದೂರಕ್ಕೆ ಒಯ್ಯುತ್ತದೆ. ಈ ಮದ್ದಿನಿಂದ ರಕ್ತಸ್ರಾವದ ಅಪಾಯವುಂಟು. ರೋಗಿಗೆ ಹಿಂದೆ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತೇ ಎಂದು ಕೇಳಿ ತಿಳಿಯಬೇಕಾದವರು ಹಾಸಿಗೆಯ ಬಳಿಯಿರುವ ವೈದ್ಯರೇ. ಆದಕಾರಣ ಯಂತ್ರದಷ್ಟೇ ಶಿಕ್ಷಣವೂ ಮುಖ್ಯ. ಹೆಸರು ತೆಗೆದು ಸಂಗ್ರಹಿಸಿಟ್ಟ ಇ.ಸಿ.ಜಿ.ಗಳು ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯದಂಥಲ್ಲಿ ಕಲಿಯುವವರಿಗೆ ಒಳ್ಳೆಯ ಪಾಠಗಳಾಗಬಲ್ಲವು.

ಕೊನೆಯದಾಗಿ ಒಂದು ಮಾತು. ಎದೆನೋವನ್ನು ವಾಯುವೆಂದು ಬಗೆದು ಮನೆಯಲ್ಲಿ ಕಳೆದ ಗಂಟೆಗಳನ್ನು ಯಾವ ಯಂತ್ರವೂ ಹಿಂದಕ್ಕೆ ತರಲಾರದು. ಎದೆ ಹಿಂಡಿದಂತಾಗಿ ಬೆವರು ಕಿತ್ತರೆ ತಡಮಾಡದೆ 108ಕ್ಕೆ ಕರೆಮಾಡಿ ಸಮೀಪದ ಆಸ್ಪತ್ರೆಯನ್ನು ಸೇರುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.