‘ಹಾರರ್’ ಎಂಬ ಪದ

ಇಂಗ್ಲಿಷಿನ ‘ಹಾರರ್’ ಎಂಬ ಮಾತನ್ನು ನಾವು ‘ಭೀತಿ’ ಎಂದೋ ‘ಭೀಕರತೆ’ ಎಂದೋ ಕನ್ನಡಿಸಿ ಸುಮ್ಮನಾಗುತ್ತೇವೆ. ಅದರ ಮೂಲಾರ್ಥವನ್ನು ಅರಸಹೊರಟರೆ ಮಾತ್ರ ನಾವು ತಲಪುವುದು ಮನುಷ್ಯನ ಮೈಗೂದಲಿಗೆ.

ಲ್ಯಾಟಿನ್ ಭಾಷೆಯಲ್ಲಿ ‘ಹೊರ್ರೇರೆ’ ಎಂಬ ಕ್ರಿಯಾಪದವುಂಟು. ನಿಮಿರಿ ನಿಲ್ಲು, ನಡುಗು ಎಂದು ಅದರ ಅರ್ಥ. ಚಳಿಯಿಂದಲೋ ಅಂಜಿಕೆಯಿಂದಲೋ ಕೂದಲು ನಿಮಿರುವುದನ್ನು ಅದು ಸೂಚಿಸುತ್ತಿತ್ತು. ಅದರಿಂದ ಹುಟ್ಟಿದ ‘ಹಾರರ್’ ಹಳೆಯ ಫ್ರೆಂಚಿನ ಮೂಲಕ 14ನೆಯ ಶತಮಾನದಲ್ಲಿ ಇಂಗ್ಲಿಷನ್ನು ಸೇರಿತು. ‘ಹಾರಿಬಲ್’, ‘ಹಾರಿಡ್’ ಇದರ ಬಳಗದವೇ. ಹೇಸಿ ಹಿಂಜರಿಯುವುದನ್ನು ಹೇಳುವ ‘ಅಭಾರ್’ ಕೂಡ ಇದೇ ಮನೆತನದ್ದು.

ಸಂಸ್ಕೃತದ ‘ಹೃಷ್’ ಧಾತುವೂ ಇದರ ದಾಯಾದಿಯೆಂದು ಭಾಷಾವಿಜ್ಞಾನಿಗಳು ಗಣಿಸುತ್ತಾರೆ. ಅಲ್ಲಿ ಭೀತಿಯನ್ನು ಹೆತ್ತ ಬೇರು ಇಲ್ಲಿ ಹರ್ಷವನ್ನು ಹೆತ್ತಿತು! ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನನಿಗೆ ಸಂಕಟದಿಂದ ರೋಮಹರ್ಷವಾಗುತ್ತದೆ. ಕೊನೆಯ ಅಧ್ಯಾಯದಲ್ಲಿ ಸಂಜಯನು ಕೃಷ್ಣಾರ್ಜುನರ ಸಂವಾದವನ್ನೇ ರೋಮಹರ್ಷಣವೆಂದು ಕರೆಯುತ್ತಾನೆ. ನಮ್ಮ ‘ಮೈನವಿರೇಳು’ ಎಂಬ ನುಡಿಯೂ ಹೀಗೆಯೇ ಎರಡಕ್ಕೂ ಸಲ್ಲುತ್ತದೆ. ‘ನವಿರು’ ಎಂದರೆ ಕೂದಲು.

ಭಯದಲ್ಲಿಯೂ ಭೇದವುಂಟು. ಇಂಗ್ಲಿಷ್ ಕಾದಂಬರಿಗಾರ್ತಿ ಆನ್ ರ್‍ಯಾಡ್‌ಕ್ಲಿಫ್ 1826ರಲ್ಲಿ, ತಮ್ಮ ಮರಣಾನಂತರ, ಪ್ರಕಟವಾದ ಪ್ರಬಂಧದಲ್ಲಿ ‘ಟೆರರ್’ ಮತ್ತು ‘ಹಾರರ್’ಗಳನ್ನು ಬೇರ್ಪಡಿಸಿದರು. ಮೊದಲನೆಯದು ಚೇತನವನ್ನು ಅರಳಿಸಿ ಎಚ್ಚರಿಸುತ್ತದೆ. ಎರಡನೆಯದು ಅದನ್ನು ಕುಗ್ಗಿಸಿ ಹೆಪ್ಪುಗಟ್ಟಿಸುತ್ತದೆ ಎಂಬುದು ಅವರ ವಿಚಾರ. ಕತ್ತಲೆಯ ಕೋಣೆಯಲ್ಲಿ ಏನೋ ಸದ್ದಾದಾಗ ಆಗುವುದು ಟೆರರ್. ದೀಪ ಹಚ್ಚಿ ಹೆಣವನ್ನು ಕಂಡಾಗ ಆಗುವುದು ಹಾರರ್. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಭಯಾನಕದ ಭಯಕ್ಕೆ ಬೀಭತ್ಸದ ಜುಗುಪ್ಸೆ ಬೆರೆತಾಗ ಈ ಪದದ ಅರ್ಥ ತುಂಬುತ್ತದೆ. ಆದುದರಿಂದ ಬರಿಯ ‘ಭಯ’ವೆಂಬ ಅನುವಾದ ಸಾಲದು.

ಈಗಲಾದರೋ ಕಾಫಿ ಕೆಟ್ಟರೂ ‘ಹಾರಿಬಲ್’, ಬಸ್ಸು ತಡವಾದರೂ ‘ಹಾರಿಬಲ್’. ನಾವೂ ಹಿಂದೆ ಬಿದ್ದಿಲ್ಲ: ‘ಘೋರ’, ‘ಭೀಕರ’ಗಳನ್ನು ಬಿಸಿಲಿಗೂ ಸೋಲಿಗೂ ಧಾರಾಳವಾಗಿ ಹಂಚಿದ್ದೇವೆ. ಇದು ವ್ಯಾಕರಣದ ದೋಷವಲ್ಲ, ನಿಜ. ಆದರೆ 1943ರ ಬಂಗಾಳದ ಕ್ಷಾಮವನ್ನೋ 1984ರ ಭೋಪಾಲದ ವಿಷಾನಿಲದ ರಾತ್ರಿಯನ್ನೋ ಹೇಳಬೇಕಾದಾಗ ನಮ್ಮಲ್ಲಿ ಉಳಿಯುವ ಪದ ಯಾವುದು? ಸವೆದ ನಾಣ್ಯದಂತಾದ ಮಾತನ್ನು ಕೇಳಿ ಯಾರ ಮೈಯೂ ನವಿರೇಳದು. ಅಲ್ಲಿ ಮಡಿದವರ ಸಂಕಟವೂ ನಾಳೆಯ ಕಿವಿಗೆ ತಡವಾದ ಬಸ್ಸಿನ ತೂಕದ್ದಾಗಿಯೇ ಕೇಳಿಸೀತು. ಇಂಥ ಪದಗಳನ್ನು ಬಳಸುವಾಗ ಕೈ ಬಿಗಿಹಿಡಿಯುವುದು, ನೊಂದವರ ಬಗೆಗೆ ನಾವು ತೋರಬೇಕಾದ ಕನಿಷ್ಠ ಮರ್ಯಾದೆ.