ಕೂಟ ಕೆಡದಂತೆ

ಮಳೆಗಾಲವಿನ್ನೂ ಮುಗಿದಿರಲಿಲ್ಲ. ತರಗತಿ ಮುಗಿಸಿ ಅಧ್ಯಾಪಕರ ಕೊಠಡಿಯಲ್ಲಿ ಕುಳಿತಿದ್ದ ನನ್ನ ಬಳಿಗೆ ವಿದ್ಯಾರ್ಥಿನಿಯೊಬ್ಬಳು ವಿಚಿತ್ರವಾದೊಂದು ದೂರನ್ನು ಹೊತ್ತು ಬಂದಳು. ಅವಳೂ ಅವಳ ಐವರು ಗೆಳೆಯರೂ ವಾರಕ್ಕೊಮ್ಮೆ ಒಂದು ಆಟವಾಡುತ್ತಾರಂತೆ. ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ಬಾಯಿಮಾತಿನಿಂದಲೇ ಕಥೆಯೊಂದನ್ನು ಕಟ್ಟುತ್ತ ಹೋಗುವ ಆಟವದು. ಸಂದೇಹ ಬಂದಲ್ಲಿ ದಾಳ ಉರುಳಿಸುವುದು. ಕಥೆಯನ್ನು ನಡೆಯಿಸುವ ಹೊಣೆ ಈಕೆಯದು. "ನಾಲ್ಕು ವಾರ ಚೆನ್ನಾಗಿ ನಡೆಯಿತು ಸರ್, ಐದನೆಯ ವಾರ ಕೆಟ್ಟುಹೋಯಿತು" ಎಂದಳು. ಒಬ್ಬ ಮಾತಿಗಾರಂಭಿಸಿದರೆ ನಿಲ್ಲಿಸುವುದಿಲ್ಲ. ಒಬ್ಬಳು ಬಾಯಿಯನ್ನೇ ಬಿಡುವುದಿಲ್ಲ. ಒಬ್ಬ ಹೇಳಿದ ದಿನಕ್ಕೆ ಬರುವುದಿಲ್ಲ. ಮತ್ತೊಬ್ಬನಿಗೆ ತನ್ನ ಪಾತ್ರ ಸೋಲುವುದೆಂದರೆ ಆಗದು. ಕಡೆಗೆ ಪಾತ್ರಗಳ ಜಗಳ ಗೆಳೆಯರ ಜಗಳವಾಗಿ ಇಬ್ಬರು ಪರಸ್ಪರ ಮಾತನ್ನೇ ಬಿಟ್ಟಿದ್ದಾರೆ.

ಇಂಥ ಆಟಗಳಿಗೆಲ್ಲ ಮೂಲವೆನ್ನಬಹುದಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಅಮೆರಿಕದಲ್ಲಿ ಅಚ್ಚಾಗಿ ಹೊರಬಂತು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಅದರ ಕರ್ತೃಗಳು. ಆದರೆ ವಿದ್ಯಾರ್ಥಿನಿಯ ದೂರನ್ನು ಕೇಳುತ್ತಿದ್ದಂತೆ ನನ್ನ ಕಣ್ಣ ಮುಂದೆ ಬಂದು ನಿಂತದ್ದು ಅಮೆರಿಕದ ಮೇಜಲ್ಲ, ನಮ್ಮೂರಿನ ಚಾವಡಿ. "ಈ ಕಷ್ಟವನ್ನು ನೀನು ನನ್ನಲ್ಲಿ ಹೇಳುವುದಕ್ಕಿಂತ ಯಾರಾದರೊಬ್ಬ ಭಾಗವತರಲ್ಲಿ ಹೇಳಬೇಕಿತ್ತು" ಎಂದೆ. ಅವಳು ನಕ್ಕಳು. ನಾನು ನಗೆಗಾಗಿ ಆಡಿದ ಮಾತಾಗಿರಲಿಲ್ಲ ಅದು.

ಬೈಂದೂರಿನಿಂದ ಕುಂದಾಪುರ, ಕೋಟ, ಸಾಲಿಗ್ರಾಮಗಳನ್ನು ಹಾದು ಬ್ರಹ್ಮಾವರದವರೆಗಿನ ಈ ನಾಡಿನಲ್ಲಿ ತಾಳಮದ್ದಳೆಯೆಂದರೆ ಏನೆಂದು ಯಾರಿಗೂ ಹೇಳಬೇಕಾಗಿಲ್ಲ. ದೂರದ ವಾಚಕರಿಗಾಗಿ ಎರಡು ಮಾತು. ಯಕ್ಷಗಾನದಿಂದ ವೇಷವನ್ನೂ ಕುಣಿತವನ್ನೂ ಕಳೆದರೆ ಉಳಿಯುವುದು ತಾಳಮದ್ದಳೆ. ನಡುವೆ ಭಾಗವತರು, ಮದ್ದಳೆ, ಚಂಡೆ. ಇಕ್ಕೆಲಗಳಲ್ಲಿ ಇದಿರುಬದಿರಾಗಿ ಕುಳಿತ ಅರ್ಥಧಾರಿಗಳು. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ; ಪಾತ್ರ ವಹಿಸಿದವನು ಅದಕ್ಕೆ ಅರ್ಥ ಹೇಳುತ್ತಾನೆ; ಇದಿರಿನವನು ಪ್ರಶ್ನಿಸುತ್ತಾನೆ; ಸಂವಾದ ಬೆಳೆಯುತ್ತದೆ. ಪದ್ಯವೊಂದನ್ನುಳಿದು ಬರೆದಿಟ್ಟ ಮಾತು ಯಾವುದೂ ಇಲ್ಲ. ಮೇಳಗಳ ತಿರುಗಾಟ ಮುಗಿದು ಮಳೆ ಹಿಡಿದ ಮೇಲೆ ಮನೆಯ ಚಾವಡಿಗಳಲ್ಲಿ, ದೇವಸ್ಥಾನದ ಪೌಳಿಗಳಲ್ಲಿ ಇದಕ್ಕೆ ಸುಗ್ಗಿ. ಈ ಕಲೆ ನಿನ್ನೆ ಮೊನ್ನೆಯದಲ್ಲ. ಬಳ್ಳಾರಿ ಸೀಮೆಯ ಕುರುಗೋಡಿನಲ್ಲಿ ದೊರೆತ 1556ರ ಶಾಸನವೊಂದು, ದೇವಾಲಯದಲ್ಲಿ ತಾಳಮದ್ದಳೆ ನಡೆಯಿಸುವವರಿಗೆ ಭೂಮಿ ಬಿಟ್ಟ ಸಂಗತಿಯನ್ನು ಹೇಳುತ್ತದೆ. ಐದು ಶತಮಾನಗಳ ಸಮೀಪದ ಈ ಅನುಭವದಲ್ಲಿ ವಿದ್ಯಾರ್ಥಿನಿಯ ಐದು ಕಷ್ಟಗಳಿಗೂ ಔಷಧ ಸಿದ್ಧವಾಗಿದೆ. ಅದು ಯಾವ ಗ್ರಂಥದಲ್ಲಿಯೂ ಇಲ್ಲ. ಭಾಗವತರ ಕೈಯ ತಾಳದಲ್ಲಿದೆ.

ಮಾತು ನಿಲ್ಲಿಸದವನ ಕಷ್ಟವನ್ನೇ ಮೊದಲು ತೆಗೆದುಕೊಳ್ಳೋಣ. ಇಡೀ ರಾತ್ರಿಯ ಕೂಟಗಳಿದ್ದ ಕಾಲದಲ್ಲಿ ಪೀಠಿಕೆಗೇ ಒಂದು ಗಂಟೆ ಸಂದರೂ ನಡೆಯುತ್ತಿತ್ತು. ಇಂದು ಎರಡು ಮೂರು ಗಂಟೆಗಳಲ್ಲಿ ಪ್ರಸಂಗ ಮುಗಿಯಬೇಕು. ಹೀಗಿರುವಾಗ ತನ್ನ ವಂಶಾವಳಿಯನ್ನು ಬ್ರಹ್ಮನಿಂದ ಹಿಡಿದು ಹೇಳತೊಡಗಿದವನನ್ನು ತಡೆಯುವುದು ಹೇಗೆ? "ಸಾಕು" ಎಂದು ಭಾಗವತರು ಹೇಳುವಂತಿಲ್ಲ. ಹೇಳಿದರೆ ಸಭೆಯಲ್ಲಿ ಅವನ ಮುಖಭಂಗವಾಗುತ್ತದೆ, ಮುಂದೆ ಅವನಿಂದ ಒಳ್ಳೆಯ ಮಾತು ಹೊರಡದು. ಅವರ ಬಳಿ ಇರುವ ಅಸ್ತ್ರ ಮುಂದಿನ ಪದ್ಯ. ಆದರೆ ಅದನ್ನು ಎತ್ತುವ ಹೊತ್ತನ್ನು ಅರಿಯುವುದರಲ್ಲಿದೆ ಜಾಣ್ಮೆ. ಅನುಭವಿಗಳಾದ ಭಾಗವತರು ಅರ್ಥಧಾರಿ ತಡವರಿಸುವಾಗ ಪದ್ಯ ಎತ್ತುವುದಿಲ್ಲ; ಅವನ ಒಂದು ಮಾತಿಗೆ ಸಭೆ ತಲೆದೂಗಿದ ಕ್ಷಣವನ್ನು ಕಾಯುತ್ತಾರೆ. ಆ ತಲೆದೂಗುವಿಕೆಯ ಮೇಲೆಯೇ ತಾಳ ತಟ್ಟುತ್ತಾರೆ. ಮಾತುಗಾರನಿಗೆ ತನ್ನನ್ನು ತಡೆದರೆಂದು ಅನಿಸುವುದಿಲ್ಲ. ಗೆದ್ದಲ್ಲಿ ನಿಲ್ಲಿಸಿದರೆಂದು ಅನಿಸುತ್ತದೆ. ಒಬ್ಬನನ್ನು ನೋಯಿಸದೆ ನಿಲ್ಲಿಸುವ ಇದಕ್ಕಿಂತ ಸಭ್ಯವಾದ ಉಪಾಯವನ್ನು ನಾನು ಯಾವ ಸಭೆಯಲ್ಲಿಯೂ ಕಂಡಿಲ್ಲ.

ಬಾಯಿ ಬಿಡದವರ ಕಷ್ಟ ಇದಕ್ಕೆ ವಿಪರೀತವಾದುದು. ಇಲ್ಲಿ ಹೊಣೆ ಭಾಗವತರದಷ್ಟೇ ಅಲ್ಲ, ಇದಿರು ಕುಳಿತ ಹಿರಿಯನದು. ಹೊಸಬನಿಗೆ, ಪದ್ಯದಲ್ಲಿಯೇ ಉತ್ತರವಿರುವ ಪ್ರಶ್ನೆಯನ್ನು ಹಾಕಬೇಕು. ಅವನಿಗೆ ಗೊತ್ತಿರುವುದನ್ನೇ ಕೇಳಬೇಕು. ಅಂಗದ ಸಂಧಾನದಲ್ಲಿ ಅಳುಕುತ್ತಿದ್ದ ಹುಡುಗನೊಬ್ಬನಿಗೆ, ರಾವಣನಾಗಿದ್ದ ಹಿರಿಯರು ಶಾಸ್ತ್ರಾರ್ಥವನ್ನು ಕೇಳಲಿಲ್ಲ, "ಎಲವೋ ಕಪಿಯೇ, ನಿನ್ನ ತಂದೆಯ ಹೆಸರೇನು?" ಎಂದಷ್ಟೇ ಕೇಳಿದರು. ಹುಡುಗ "ವಾಲಿ" ಎಂದ. ಒಂದೇ ಶಬ್ದ. ರಾವಣ ಆಸನದಲ್ಲಿ ಒಮ್ಮೆ ಕದಲಿದ, ಕೈ ತಾನಾಗಿ ಕೊರಳಿನತ್ತ ಹೋಯಿತು. ವಾಲಿಯ ಕಂಕುಳಲ್ಲಿ ಸಿಕ್ಕಿ ನರಳಿದವನಲ್ಲವೇ ಅವನು! ಸಭೆ ಘೊಳ್ಳೆಂದಿತು. ತನ್ನ ಒಂದು ಮಾತಿಗೆ ಲಂಕಾಧಿಪತಿ ಅದುರಿದ್ದನ್ನು ಕಂಡ ಹುಡುಗನಿಗೆ ಆಮೇಲೆ ಮಾತಿಗೆ ಬರವಾಗಲಿಲ್ಲ. ಹಿರಿಯರು ತಾವು ಕುಗ್ಗಿ ಅವನನ್ನು ಎತ್ತಿದ್ದರು.

ನಮ್ಮ ಕಡೆಯ ಹೂವಿನಕೋಲು ಇದಕ್ಕೆ ಪಾಠಶಾಲೆಯಾಗಿತ್ತು. ನವರಾತ್ರಿಯ ದಿನಗಳಲ್ಲಿ ಹೂವಿನಿಂದ ಸಿಂಗರಿಸಿದ ಕೋಲು ಹಿಡಿದ ಹುಡುಗರು ಭಾಗವತರೊಡನೆ ಮನೆಮನೆಗೆ ಹೋಗಿ, ಹರಸಿ, ಇದಿರುಬದಿರು ಕುಳಿತು ಪ್ರಸಂಗವೊಂದರ ಸಣ್ಣ ತುಣುಕಿಗೆ ಅರ್ಥ ಹೇಳಿ ಬರುತ್ತಿದ್ದರು. ಒಂದೇ ಸಂವಾದವನ್ನು ದಿನಕ್ಕೆ ಹತ್ತು ಮನೆಗಳಲ್ಲಿ ಹೇಳಿದ ಹುಡುಗನಿಗೆ ಅಂಜಿಕೆ ಎಲ್ಲಿ ಉಳಿದೀತು? ಕ್ಷೀಣಿಸಿದ್ದ ಈ ಪದ್ಧತಿಯನ್ನು ಈಚೆಗೆ ಕೆಲವು ಮಕ್ಕಳ ತಂಡಗಳು ಮರಳಿ ಕೈಗೆತ್ತಿಕೊಂಡಿರುವುದು ಸಂತೋಷದ ಸಂಗತಿ.

ಹೇಳಿದ ದಿನಕ್ಕೆ ಬಾರದವನ ವಿಷಯ ಹೆಚ್ಚು ವಿಸ್ತರಿಸಬೇಕಾದ್ದಲ್ಲ. ನೆರೆ ಬಂದ ಹೊಳೆಯಾಚೆ ಉಳಿದುಹೋದ ಅರ್ಥಧಾರಿಗಾಗಿ ಕೂಟ ನಿಂತದ್ದಿಲ್ಲ. ಕೆಲವು ಪದ್ಯಗಳನ್ನು ಬಿಡುವುದು, ಒಬ್ಬನಿಗೇ ಎರಡು ಪಾತ್ರ ಕೊಡುವುದು, ಎರಡೂ ಪರಸ್ಪರ ಇದಿರಾಗದಂತೆ ನೋಡಿಕೊಳ್ಳುವುದು, ಅದೂ ಸಾಲದಿದ್ದರೆ ಕೇಳಲು ಬಂದವರಲ್ಲಿ ಒಬ್ಬರನ್ನು ಕರೆದು ಕೂರಿಸುವುದು. ಎಷ್ಟೋ ಮಂದಿ ಒಳ್ಳೆಯ ಅರ್ಥಧಾರಿಗಳು ಹುಟ್ಟಿದ್ದು ಹೀಗೆ ಇನ್ನೊಬ್ಬರ ಖಾಲಿ ಜಾಗದಲ್ಲಿಯೇ.

ಸೋಲಲೊಲ್ಲದವನ ಸಮಸ್ಯೆ ಸೂಕ್ಷ್ಮವಾದುದು. ವಿದ್ಯಾರ್ಥಿನಿಯ ಆಟದಲ್ಲಿ ಕಥೆಯ ಕೊನೆ ಯಾರಿಗೂ ತಿಳಿದಿರುವುದಿಲ್ಲ. ಅಲ್ಲಿ ದಾಳವೇ ತೀರ್ಪುಗಾರ. ನಮ್ಮಲ್ಲಿ ಕೊನೆ ಎಲ್ಲರಿಗೂ ಗೊತ್ತು, ಪದ್ಯವೇ ತೀರ್ಪುಗಾರ. ಕೃಷ್ಣನ ಮಾತಿಗೆ ಮನಸೋತು ಕೌರವ ಐದು ಗ್ರಾಮಗಳನ್ನು ಕೊಟ್ಟುಬಿಟ್ಟರೆ ಮಹಾಭಾರತವಿಲ್ಲ. ಕೌರವನ ವಾದ ಎಷ್ಟೇ ಪ್ರಬಲವಾಗಿದ್ದರೂ ಕುರುಕ್ಷೇತ್ರದಲ್ಲಿ ಅವನ ತೊಡೆ ಮುರಿಯದೆ ಇರುವುದಿಲ್ಲ. ವಾದದಲ್ಲಿ ಗೆಲ್ಲಬಹುದು, ಕಥೆಯಲ್ಲಿ ಸೋಲಲೇಬೇಕು. ಇದನ್ನು ಬಂಧನವೆಂದು ಬಗೆದವನು ತಕರಾರು ಮಾಡುತ್ತಾನೆ. ಅವಕಾಶವೆಂದು ಬಗೆದವನು ದೊಡ್ಡ ಅರ್ಥಧಾರಿಯಾಗುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹೆಸರಾದದ್ದು ವಾಲಿ, ರಾವಣ, ಮಾಗಧ, ಕೌರವರಂಥ ಪ್ರತಿನಾಯಕರ ಪಾತ್ರಗಳಿಂದ. ಕಥೆಯಲ್ಲಿ ಸೋಲುವವರೇ ಎಲ್ಲರೂ! ಸೋಲು ನಿಶ್ಚಿತವೆಂದು ತಿಳಿದೂ ಘನತೆಯಿಂದ ಸೋಲುವುದು ಹೇಗೆಂಬುದನ್ನು ಸಭೆ ಅವರಿಂದ ಕಲಿಯಿತು.

ಇನ್ನುಳಿದದ್ದು ಐದನೆಯ ಕಷ್ಟ, ಪಾತ್ರದ ಜಗಳ ಮನುಷ್ಯರ ಜಗಳವಾಗುವುದು. ಇದರ ಬಗೆಗೆ ನಾನು ಉಪದೇಶ ಮಾಡತಕ್ಕವನಲ್ಲ, ತಪ್ಪೊಪ್ಪಿಗೆ ಮಾಡತಕ್ಕವನು.

ಆಗಷ್ಟೇ ಎಂ.ಎ. ಮುಗಿಸಿದ್ದೆ. ಬೈಂದೂರಿನ ಸಮೀಪದ ಒಂದು ಮನೆಯಲ್ಲಿ ವಾಲಿಸಂಹಾರದ ಕೂಟ. ನನಗೆ ರಾಮನ ಪಾತ್ರ. ವಾಲಿಯಾಗಿ ಇದಿರು ಕುಳಿತವರು ಹಂಚಿನ ಕಾರ್ಖಾನೆಯಲ್ಲಿ ದುಡಿದು ಮುಪ್ಪಾದ ಒಬ್ಬ ಹಿರಿಯರು. ಶಾಲೆಯ ಓದು ಕಡಿಮೆ. ಪ್ರಸಂಗಗಳನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿದವರು. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಎಂದು ವಾಲಿ ಕೇಳಿದಾಗ, ನನ್ನ ಶಾಸ್ತ್ರೋಕ್ತವಾದ ಉತ್ತರಗಳು ಅವರ ಮುಂದೆ ನಿಲ್ಲದಾದವು. ಸಭೆ ಅವರ ಕಡೆಗೆ ವಾಲುತ್ತಿರುವುದು ನನಗೆ ತಿಳಿಯುತ್ತಿತ್ತು. ಅಷ್ಟರಲ್ಲಿ ಅವರು ಒಂದು ಸಂಸ್ಕೃತ ಶಬ್ದವನ್ನು ತಪ್ಪಾಗಿ ಉಚ್ಚರಿಸಿದರು. ನಾನು ಕಾಯುತ್ತಿದ್ದವನಂತೆ ಹಾರಿದೆ: "ಶಬ್ದವನ್ನೇ ನೆಟ್ಟಗೆ ನುಡಿಯಲರಿಯದ ಕಪಿಗೆ ಧರ್ಮಶಾಸ್ತ್ರದ ಗೊಡವೆಯೇಕೆ?"

ಮಾತು ಪಾತ್ರಕ್ಕೆ ಹೊಂದುತ್ತಿತ್ತು. ವಾಲಿ ಕಪಿಯೇ ತಾನೆ! ಅದೇ ಅದರ ದುಷ್ಟತನ. ಪಾತ್ರದ ಮರೆಯಲ್ಲಿ ನಿಂತು ನಾನು ಮನುಷ್ಯನಿಗೆ ಬಾಣ ಬಿಟ್ಟಿದ್ದೆ. ನಾಲ್ಕಾರು ಜನ ನಕ್ಕರು. ಹಿರಿಯರು ಸುಮ್ಮನಾದರು. ವಾಲಿಯ ಮೌನವಲ್ಲ ಅದು, ಕಾರ್ಖಾನೆಯಲ್ಲಿ ದುಡಿದ ಒಬ್ಬ ಮುದುಕನ ಮೌನ. ಚಾವಡಿಯಲ್ಲಿ ಮಳೆಯ ಸದ್ದೊಂದೇ ಕೇಳುತ್ತಿತ್ತು. ನಾನು ಇನ್ನೊಂದು ಮಾತಿಗೆ ಬಾಯ್ದೆರೆಯುವಷ್ಟರಲ್ಲಿ ಭಾಗವತರು ತಾಳ ತಟ್ಟಿದರು. ಅವರು ಎತ್ತಿದ್ದು ರಾಮನ ಪದ್ಯವಲ್ಲ, ಮುಂದಿನ ಪದ್ಯವೂ ಅಲ್ಲ. ಆಗಲೇ ಹಾಡಿ ಮುಗಿಸಿದ್ದ ವಾಲಿಯ ಪದ್ಯವನ್ನೇ ಮತ್ತೊಮ್ಮೆ, ವಿಳಂಬದಲ್ಲಿ ಹಾಡಿದರು. ಮಾತಿನ ಸರದಿಯನ್ನು ಅವರಿಗೆ ಮರಳಿ ಕೊಟ್ಟರು. ಉಸಿರು ತಿದ್ದಿಕೊಳ್ಳಲು ಅವಕಾಶ ಕೊಟ್ಟರು. ಪದ್ಯ ಮುಗಿಯಿತು. ಹಿರಿಯರು ತಲೆಯೆತ್ತಿದರು.

"ನಿಜ ರಾಮಾ, ಕಪಿಯ ಮಾತಿನಲ್ಲಿ ತೊದಲುಂಟು. ಆದರೆ ಮರೆಯಲ್ಲಿ ನಿಂತು ಬಿಟ್ಟೆಯಲ್ಲ, ನಿನ್ನ ಆ ಬಾಣದಲ್ಲಿ ತೊದಲಿಲ್ಲವೇ?"

ನಾನು ಇಂದಿಗೂ ಅದಕ್ಕೆ ಉತ್ತರ ಹುಡುಕುತ್ತಿದ್ದೇನೆ. ಅವರು ಬೈಗುಳವನ್ನು ಬೈಗುಳದಿಂದ ಹಿಂದಿರುಗಿಸಲಿಲ್ಲ. ಕಥೆಯೊಳಕ್ಕೆ ಎಳೆದುಕೊಂಡು ವಾಲಿಯದನ್ನಾಗಿ ಮಾಡಿಕೊಂಡರು. ಮಂಗಳ ಹಾಡಿದ ಮೇಲೆ, ಕಾಫಿಯ ಲೋಟ ಹಿಡಿದು ನಿಂತಿದ್ದ ನನ್ನ ಬಳಿಗೆ ಅವರೇ ಬಂದು, "ಮಗಾ, ನಿನ್ ಮಾತ್ ಲಾಯ್ಕಿತ್ತ್. ಆದ್ರೆ ರಾಮ ಹಾಂಗ್ ಹೇಳುದಿಲ್ಲ" ಎಂದರು. ಅಷ್ಟೇ. ನೀನು ತಪ್ಪು ಮಾಡಿದೆಯೆಂದು ಅವರು ಹೇಳಲಿಲ್ಲ. ರಾಮ ಹಾಗೆ ಹೇಳುವುದಿಲ್ಲ ಎಂದರು. ಕ್ಷಮೆ ಕೇಳಬೇಕೆಂದು ನಾಲಗೆಯ ತುದಿಗೆ ಬಂದದ್ದು ಆ ದಿನ ಹೊರಗೆ ಬರಲಿಲ್ಲ. ಮರುವರ್ಷದ ಮಳೆಗಾಲಕ್ಕೆ ಅವರಿರಲಿಲ್ಲ.

ಕೋಟೇಶ್ವರದಲ್ಲಿ ನೆಲೆಸಿದ್ದು 2020ರಲ್ಲಿ ತೀರಿಕೊಂಡ ಅರ್ಥಧಾರಿ ವಾಸುದೇವ ಸಾಮಗರು ತಮ್ಮ ತಾಳಮದ್ದಳೆಯ ತಂಡಕ್ಕೆ 'ಸಂಯಮಂ' ಎಂದು ಹೆಸರಿಟ್ಟಿದ್ದರು. ಆ ಹೆಸರನ್ನು ಕೇಳಿದಾಗಲೆಲ್ಲ ನನಗೆ ಆ ಚಾವಡಿಯ ನೆನಪಾಗುತ್ತದೆ. ಮಾತಿನ ಕಲೆಗೆ ಮಾತೇ ಬಂಡವಾಳವೆಂದು ನಾವು ತಿಳಿಯುತ್ತೇವೆ. ಇದಿರು ಕುಳಿತವನನ್ನು ಉಳಿಸಿಕೊಳ್ಳದ ಮಾತು ಎಷ್ಟು ಚತುರವಾಗಿದ್ದರೂ ಕೂಟವನ್ನು ಕೆಡಿಸುತ್ತದೆ. ಇದಿರಾಳಿ ಮುರಿದ ಮೇಲೆ ಗೆದ್ದವನು ಮಾತನಾಡುವುದಾದರೂ ಯಾರೊಡನೆ?

ವಿದ್ಯಾರ್ಥಿನಿಗೆ ಇಷ್ಟನ್ನೆಲ್ಲ ಹೇಳಲಿಲ್ಲ. ನಿಲ್ಲಿಸದವನನ್ನು ಅವನು ಗೆದ್ದ ಹೊತ್ತಿನಲ್ಲಿ ನಿಲ್ಲಿಸು. ಸುಮ್ಮನಿರುವವಳಿಗೆ ಅವಳು ಬಲ್ಲುದನ್ನೇ ಕೇಳು. ಜಗಳವಾಡಿದಾಗ ನೀನು ತೀರ್ಪು ಕೊಡಬೇಡ, ನೊಂದವನ ಸರದಿಯನ್ನು ಅವನಿಗೆ ಮರಳಿ ಕೊಡು ಎಂದೆ. ಅವಳು ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು.

ತಿಂಗಳ ಮೇಲೆ ಕಾಲೇಜಿನ ಜಗಲಿಯಲ್ಲಿ ಎದುರಾದಳು. ಆಟ ಮತ್ತೆ ಆರಂಭವಾಗಿದೆಯಂತೆ. ಮಾತು ಬಿಟ್ಟಿದ್ದ ಇಬ್ಬರೂ ಬರುತ್ತಿದ್ದಾರಂತೆ. "ಒಬ್ಬ ಸಿಟ್ಟಿನಲ್ಲಿ ಏನೋ ಅಂದ ಸರ್. ನಾನು ಅವನಿಗೆ ಏನೂ ಹೇಳಲಿಲ್ಲ. ನಿನ್ನ ಪಾತ್ರ ಹಾಗೆ ಹೇಳುತ್ತದೆಯೇ ಎಂದಷ್ಟೇ ಕೇಳಿದೆ" ಎಂದಳು.

ಆ ಮಾತನ್ನು ನಾನು ಅವಳಿಗೆ ಕಲಿಸಿರಲಿಲ್ಲ. ಹಿರಿಯರ ಕಥೆಯನ್ನು ಹೇಳಿಯೂ ಇರಲಿಲ್ಲ. ತಾಳ ಹಿಡಿದವರಿಗೆ ಕೆಲವು ಮಾತುಗಳು ತಾವಾಗಿ ಹೊಳೆಯುತ್ತವೆಯೆಂದು ತೋರುತ್ತದೆ.