ದಂಟಿನೊಳಗಿನ ಬಾಡಿಗೆದಾರ

ಮೈಸೂರು ಸೀಮೆಯವರಿಗೆ ಅದು ದಂಟು, ಕರಾವಳಿಯವರಿಗೆ ಹರಿವೆ, ಧಾರವಾಡ, ಬೆಳಗಾವಿಯವರಿಗೆ ರಾಜಗಿರಿ. ಉದ್ಯೋಗದ ನಿಮಿತ್ತ ಊರು ಬಿಟ್ಟು ಬಂದ ನಾವು ಅದೇ ಸೊಪ್ಪನ್ನು ಮುಂಬಯಿಯಲ್ಲಿ ಮಾಠ, ಹೈದರಾಬಾದಿನಲ್ಲಿ ತೋಟಕೂರ, ದೆಹಲಿಯಲ್ಲಿ ಚೌಲಾಯಿ ಎಂದು ಕೇಳಿ ಕೊಳ್ಳುತ್ತೇವೆ. ಹೆಸರು ಬದಲಾದರೂ ನಮ್ಮ ನಾಲಗೆ ಬದಲಾಗಿಲ್ಲ. ದೆಹಲಿಯ ನೆರೆಮನೆಯವರು ಎಳೆಯ ಎಲೆಗಳನ್ನು ಬಿಡಿಸಿಕೊಂಡು ಕಾಂಡವನ್ನು ಆಚೆಗೆಸೆದರೆ ನಮಗೆ ಕರುಳು ಚುರುಕ್ಕೆನ್ನುತ್ತದೆ. ಬೆರಳು ಗಾತ್ರದ ದಂಟು ಹುಳಿಯಲ್ಲಿ ಬೆಂದು, ಅದನ್ನು ಜಗಿದು ರಸ ಹೀರಿದರೇ ನಮಗೆ ಊಟ.

ಇದೇ ಅಭಿರುಚಿಯುಳ್ಳ ಜೀವಿ ಇನ್ನೊಂದಿದೆ. ಅದು ದಂಟಿನ ಮೂತಿಹುಳು. ಶಾಸ್ತ್ರಜ್ಞರು ಇದಕ್ಕೆ ಹೈಪೋಲಿಕ್ಸಸ್ ಟ್ರಂಕಾಟುಲಸ್ ಎಂದು ಹೆಸರಿಟ್ಟಿದ್ದಾರೆ. ತೆಂಗಿನ ಮರವನ್ನು ಕೊರೆಯುವ ಕೆಂಪು ಮೂತಿಹುಳು, ನಮ್ಮ ಅಕ್ಕಿ ಡಬ್ಬದಲ್ಲಿ ಓಡಾಡುವ ಮೂತಿಯ ಹುಳು ಇವೆಲ್ಲ ಇದರ ದಾಯಾದಿಗಳು. ಬೂದಿ ಬಣ್ಣದ ಈ ಪುಟ್ಟ ದುಂಬಿಗೆ ಮುಖದ ಮುಂದೆ ಚಾಚಿದ ಮೂತಿ, ಮೂತಿಯ ತುದಿಯಲ್ಲಿ ಬಾಯಿ. ಹೆಣ್ಣು ಹುಳು ಕಾಂಡದಲ್ಲಿ ಗುಳಿ ಕೊರೆದು ಒಳಗೆ ಮೊಟ್ಟೆಯಿಡುತ್ತದೆ. ಹೊರಬರುವ ಮರಿ ಬಿಳಿಯದು, ದಪ್ಪನೆಯದು, ಬಾಗಿದ ಮೈಯದು, ಕಾಲೇ ಇಲ್ಲದ್ದು. ಮನೆಯೊಳಗೇ ಊಟವಿರುವಾಗ ಕಾಲೇತಕ್ಕೆ? ದಂಟಿನ ಮೆತ್ತನೆಯ ತಿರುಳನ್ನು ಅಂಕುಡೊಂಕಾಗಿ ತಿನ್ನುತ್ತಾ, ದಾರಿಯನ್ನೆಲ್ಲ ಹಿಕ್ಕೆಯಿಂದ ತುಂಬುತ್ತಾ ಬೆಳೆಯುತ್ತದೆ. ಕೊನೆಗೆ ಅಲ್ಲೇ ಗಟ್ಟಿಯಾದ ಗೂಡು ಮಾಡಿಕೊಂಡು ಕೋಶವಾಗಿ, ದುಂಬಿಯಾಗಿ ಹೊರಗೆ ಬರುತ್ತದೆ. ಮುಂಗಡವಿಲ್ಲ, ಬಾಡಿಗೆಯಿಲ್ಲ, ಹೋಗುವಾಗ ಮನೆಯನ್ನೂ ಕೆಡವಿ ಹೋಗುವ ಬಾಡಿಗೆದಾರನಿವನು.

ಹೊರಗಿನ ಲಕ್ಷಣಗಳಿಷ್ಟೆ: ಕಾಂಡ ಅಲ್ಲಲ್ಲಿ ಉಬ್ಬುತ್ತದೆ, ಉದ್ದಕ್ಕೆ ಸೀಳುತ್ತದೆ, ಗಿಡ ಕುಗ್ಗಿ ಒಣಗುತ್ತದೆ. ಬಿಸಿಲಿನ ಬಾಧೆಯೆಂದು ನೀರು ಹೊಯ್ದಷ್ಟೂ ಪ್ರಯೋಜನವಿಲ್ಲ.

ಎಲೆಯ ಪಾಲಿಗೂ ವೈರಿಗಳಿದ್ದಾರೆ. ಮಳೆಗಾಲದಲ್ಲಿ ಹಸಿರು ಕಂಬಳಿಹುಳುವೊಂದು ಎಲೆಗಳನ್ನು ನೂಲಿನಿಂದ ಹೆಣೆದು, ಮರೆಯಲ್ಲಿ ಕುಳಿತು, ನರವನ್ನಷ್ಟೇ ಉಳಿಸಿ ಕೆರೆದು ತಿನ್ನುತ್ತದೆ. ಇದರ ತಾಯಿ ರಾತ್ರಿ ದೀಪಕ್ಕೆ ಬರುವ, ಕಂದು ರೆಕ್ಕೆಯ ಮೇಲೆ ಬಿಳಿಯ ಪಟ್ಟೆಯುಳ್ಳ ಸಣ್ಣ ಪತಂಗ. ಇದನ್ನು ಹಿಡಿಯುವುದು ಸುಲಭ. ಬೆಳಗಿನ ಹೊತ್ತು ಹೆಣೆದ ಎಲೆಗಳನ್ನು ಮಕ್ಕಳಿಂದ ಬಿಡಿಸಿ ಹಾಕಿಸಿದರೆ ಸಾಕು.

ಔಷಧ ಸಿಂಪಡಿಸಿದರಾಗದೇ ಎಂದು ಕೇಳುವವರುಂಟು. ಹಿಂದೆ ಬಿ.ಎಚ್.ಸಿ. ಪುಡಿಯನ್ನು ಧಾರಾಳವಾಗಿ ಎರಚುತ್ತಿದ್ದರು. ಭಾರತದಲ್ಲಿ ಅದು 1997ರಲ್ಲಿ ನಿಷಿದ್ಧವಾಯಿತು. ಇಂದು ಎರಚಿದ್ದನ್ನು ನಾಲ್ಕು ದಿನಕ್ಕೆ ಮಕ್ಕಳ ತಟ್ಟೆಗೆ ಬಡಿಸುವ ಬೆಳೆಯಿದು. ಅಲ್ಲದೆ ದಂಟಿನೊಳಗೆ ಬಾಗಿಲು ಹಾಕಿಕೊಂಡು ಕುಳಿತವನಿಗೆ ಮೇಲಿನ ಸಿಂಪಡಣೆ ತಾಗುವುದೂ ಇಲ್ಲ. ಎಲೆಯ ಹುಳುವಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಜಜ್ಜಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ ಸಿಂಪಡಿಸಬಹುದು. ಮೂತಿಹುಳು ಹೊಕ್ಕ ಗಿಡವನ್ನಾದರೋ ಕಿತ್ತು, ಸೀಳಿ, ಸೋಪಿನ ನೀರಿನಲ್ಲಿ ಮುಳುಗಿಸಬೇಕು. ಮೂಲೆಗೆ ಎಸೆದರೆ ಒಳಗಿನ ಕೋಶ ದುಂಬಿಯಾಗಿ ಪಕ್ಕದ ಗಿಡಕ್ಕೆ ಬರುತ್ತದೆ. ಗೋಡೆಯ ಬದಿಯಲ್ಲಿ ತಾನಾಗಿ ಹುಟ್ಟಿದ ಮುಳ್ಳುದಂಟು, ಕಾಡುದಂಟುಗಳನ್ನೂ ತೆಗೆಯಬೇಕು. ಅವೂ ಇವನ ತವರೇ.

ಸೊಪ್ಪಿಗಾಗಿ ಬೆಳೆದ ದಂಟನ್ನು ಒಂದು ತಿಂಗಳೊಳಗೆ ಕಿತ್ತರೆ ಮೂತಿಹುಳುವಿಗೆ ಸಂಸಾರ ಹೂಡಲು ಸಮಯ ಸಾಲದು. ಕಷ್ಟವಿರುವುದು ಬೀಜದಲ್ಲಿ. ಬೀಜ ಬೇಕಾದರೆ ಗಿಡವನ್ನು ಸುಮಾರು ಮೂರು ತಿಂಗಳು ಬಿಡಬೇಕು, ಕಾಂಡ ದಪ್ಪವಾಗಬೇಕು. ಅಷ್ಟರಲ್ಲಿ ಹುಳು ಬರುತ್ತದೆ.

ನಮ್ಮ ಮನೆಯಲ್ಲಿ ಕೆಂಪು ದಂಟಿನ ಬೀಜದ ಒಂದು ಡಬ್ಬಿಯಿದೆ. ನಮ್ಮ ಅಜ್ಜಿ ಸೀರೆಯ ಸೆರಗಿನಲ್ಲಿ ಗಂಟು ಕಟ್ಟಿ ತಂದುಕೊಟ್ಟದ್ದು. ಅಜ್ಜಿ ಈಗಿಲ್ಲ, ಊರ ಹಿತ್ತಲೂ ಮಾರಾಟವಾಯಿತು. ಗ್ರಾಮಿಗೆ ಸಾವಿರಕ್ಕೂ ಮಿಕ್ಕಿ ಬರುವ ಆ ಕರಿಯ ಮಿರುಗು ಕಾಳುಗಳಲ್ಲಿ ಆ ಹಿತ್ತಲು ಉಳಿದುಕೊಂಡಿದೆ. ಇಂಥ ಡಬ್ಬಿ ಎಷ್ಟೋ ಮನೆಗಳಲ್ಲಿರಬೇಕು. ಒಂದು ವರ್ಷ ಬೀಜದ ಗಿಡಗಳೆಲ್ಲ ಹುಳುವಿನ ಪಾಲಾಗಿ, ಡಬ್ಬಿಯ ಹಳೆಯ ಕಾಳು ಮುಗ್ಗಿ ಹೋದರೆ, ಮತ್ತೆ ಕೇಳಲು ಊರಿನಲ್ಲಿ ಯಾರಿದ್ದಾರೆ?

ಇದಕ್ಕೆ ಉಪಾಯ ಸರಳ. ಬೀಜಕ್ಕೆಂದು ಬಿಟ್ಟ ನಾಲ್ಕಾರು ಗಿಡಗಳು ಗೇಣುದ್ದವಿರುವಾಗಲೇ, ಕಾಂಡದಲ್ಲಿ ಗುಳಿಯಿಲ್ಲವೆಂದು ನೋಡಿಕೊಂಡು, ಕೋಲು ನೆಟ್ಟು ಹಳೆಯ ಸೊಳ್ಳೆಪರದೆ ಹೊದಿಸಿ, ಅಂಚನ್ನು ಮಣ್ಣಿನಲ್ಲಿ ಹೂಳಬೇಕು. ದಂಟಿನ ಪರಾಗವನ್ನು ಹೆಚ್ಚಾಗಿ ಗಾಳಿಯೇ ಒಯ್ಯುವುದರಿಂದ ಪರದೆಯೊಳಗೂ ಕಾಳು ಕಟ್ಟುತ್ತದೆ. ತೆನೆ ಒಣಗಿದ ಮೇಲೆ ಉಜ್ಜಿ, ಕೇರಿ, ಒಣಗಿಸಿ ತುಂಬಿಡಿ.

ಇಷ್ಟಾದ ಮೇಲೂ ಬೀಜವನ್ನು ಒಂದೇ ಮನೆಯಲ್ಲಿಡುವುದು ಜಾಣತನವಲ್ಲ. ಸಂಘದ ಮುಂದಿನ ಕೂಟಕ್ಕೆ ಬರುವ ಸೋದರಿಯರು ಕುಂಕುಮದ ಪೊಟ್ಟಣದಷ್ಟು ಬೀಜ ಕಟ್ಟಿ ತಂದು ಒಬ್ಬರಿಗೊಬ್ಬರು ಕೊಟ್ಟುಕೊಳ್ಳಲಿ. ಪೊಟ್ಟಣದ ಮೇಲೆ ಊರ ಹೆಸರನ್ನೂ ಬರೆಯಲಿ. ಒಬ್ಬರ ಹಿತ್ತಲನ್ನು ಮೂತಿಹುಳು ಮುಗಿಸಿದರೆ ಇನ್ನೊಬ್ಬರ ಕುಂಡದಲ್ಲಿ ಆ ಊರು ಚಿಗುರುತ್ತಿರುತ್ತದೆ.